ತಪ್ಪಿಗೆ ಜಾಗ ಬಿಡುವ ನಕ್ಷೆ

ಆನ್‌ಲೈನ್ ಗಣಿತ ಪರೀಕ್ಷೆಯಲ್ಲಿ ನಕ್ಷೆ ಬರೆಸುವ ಪ್ರಶ್ನೆ ಕಂಡಾಗ ನಾನು ಮೊದಲು ಕೇಳಿಕೊಳ್ಳುವುದು ಒಂದೇ: ಇದರಲ್ಲಿ ವಿದ್ಯಾರ್ಥಿ ಯಾವ ಯಾವ ತಪ್ಪು ಮಾಡಬಹುದು? ಕಾಗದದ ಮೇಲೆ ಮಾಡುವ ತಪ್ಪುಗಳನ್ನು ತೆರೆಯ ಮೇಲೂ ಮಾಡಲು ಸಾಧ್ಯವಿದ್ದರೆ ಅದು ಪರೀಕ್ಷೆ. ಇಲ್ಲದಿದ್ದರೆ ಅರ್ಧ ಉತ್ತರವನ್ನು ತಂತ್ರಾಂಶವೇ ಬರೆದುಕೊಟ್ಟಿರುತ್ತದೆ. ಸ್ಟ್ಯಾಕ್ ಎಂಬ ವ್ಯವಸ್ಥೆಯ ನಕ್ಷೆ ಪ್ರಶ್ನೆಗಳನ್ನು ಇದೇ ಅಳತೆಗೋಲಿನಿಂದ ನೋಡಬೇಕೆನಿಸಿತು. ಅದು ಮುಕ್ತ ತಂತ್ರಾಂಶ. ಮೂಡಲ್ ಎಂಬ ಆನ್‌ಲೈನ್ ಕಲಿಕಾ ವೇದಿಕೆ ಬಳಸುವ ಯಾವ ಕಾಲೇಜಾದರೂ ದುಡ್ಡು ಕೊಡದೆ ಅಳವಡಿಸಿಕೊಳ್ಳಬಹುದು. ನಮ್ಮ ಅಧ್ಯಾಪಕರ ಕೈಗೆಟಕುವಂಥದ್ದು ಎಂಬ ಕಾರಣಕ್ಕೇ ಅದರ ಗುಣದೋಷಗಳನ್ನು ಬಿಡಿಸಿ ನೋಡುವುದು ಒಳ್ಳೆಯದು.

ಗಣಿತದ ಅಧ್ಯಾಪಕ ಕ್ರಿಸ್ ಸ್ಯಾಂಗ್ವಿನ್ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾಗ, 2004ರ ಸುಮಾರಿಗೆ, ಕಟ್ಟಲು ತೊಡಗಿದ ವ್ಯವಸ್ಥೆ ಇದು. ಒಳಗಿರುವುದು ಮ್ಯಾಕ್ಸಿಮಾ ಎಂಬ ಬೀಜಗಣಿತ ಬಲ್ಲ ತಂತ್ರಾಂಶ. ನಕ್ಷೆಯ ಕೆಲಸಕ್ಕೆ ಜರ್ಮನಿಯ ಬೈರಾಯ್ಟ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಜೆಎಸ್‌ಎಕ್ಸ್‌ಗ್ರಾಫ್ ಇದೆ. ವಿದ್ಯಾರ್ಥಿ ಬಿಂದುವೊಂದನ್ನು ಎಳೆದಾಗ ಅದರ ನಿರ್ದೇಶಾಂಕಗಳು ಕಣ್ಣಿಗೆ ಕಾಣದ ಉತ್ತರದ ಪೆಟ್ಟಿಗೆಯೊಳಗೆ ಹೋಗಿ ಕೂರುತ್ತವೆ. ಮ್ಯಾಕ್ಸಿಮಾ ಚಿತ್ರ ನೋಡುವುದಿಲ್ಲ, ಆ ಸಂಖ್ಯೆಗಳನ್ನು ಮಾತ್ರ ನೋಡುತ್ತದೆ. ಪ್ರಶ್ನೆ ಬರೆಯುವವರು ಇದನ್ನು ಮರೆತರೆ ತೀರ ಸರಳ ಪ್ರಶ್ನೆಯೂ ಸೋರುತ್ತದೆ.

‘ಎರಡು ಬಿಂದುಗಳನ್ನು ಎಳೆದು, ಮೂಲಬಿಂದುವಿನ ಮೂಲಕ ಹಾದುಹೋಗುವ, ಇಳಿಜಾರು 2 ಇರುವ ರೇಖೆ ಮಾಡಿ’ ಎಂದು ಕೇಳಿದ್ದೇವೆ ಅನ್ನಿ. ಎರಡೂ ಬಿಂದುಗಳು ಆ ರೇಖೆಯ ಸಮೀಕರಣಕ್ಕೆ ಹೊಂದುತ್ತವೆಯೇ ಎಂದಷ್ಟೇ ಪರಿಶೀಲಿಸಿದರೆ ಸಾಕು ಎಂದು ತೋರುತ್ತದೆ. ಒಬ್ಬ ಹುಡುಗ ಎರಡನ್ನೂ (1, 2) ಎಂಬ ಒಂದೇ ಜಾಗಕ್ಕೆ ತಂದು ಬಿಡುತ್ತಾನೆ. ತೆರೆಯ ಮೇಲೆ ರೇಖೆಯೇ ಇಲ್ಲ, ಅಂಕ ಮಾತ್ರ ಪೂರ್ತಿ. ಇದನ್ನು ತಪ್ಪಿಸಲು ಎರಡು ಬಿಂದುಗಳಿಂದ ಇಳಿಜಾರನ್ನು ಲೆಕ್ಕ ಹಾಕಿ ಹೋಲಿಸೋಣವೆಂದರೆ, ಹುಡುಗಿಯೊಬ್ಬಳು ಒಂದು ಬಿಂದುವನ್ನು ಇನ್ನೊಂದರ ನೇರ ಮೇಲಕ್ಕೆ ಇಟ್ಟಿದ್ದಾಳೆ. ಸೊನ್ನೆಯಿಂದ ಭಾಗಿಸುವ ಪ್ರಸಂಗ ಬಂದು ಮ್ಯಾಕ್ಸಿಮಾ ಮುಗ್ಗರಿಸುತ್ತದೆ. ಲಂಬ ರೇಖೆ ಎಳೆದದ್ದು ಆಕೆಯ ತಪ್ಪು ನಿಜ. ಆದರೆ ಆ ತಪ್ಪು ಏನೆಂದು ಹೇಳುವ ಅವಕಾಶ ಅಲ್ಲೇ ಕೈತಪ್ಪಿತು. ಭಾಗಿಸುವ ಬದಲು ಗುಣಿಸಬೇಕು: ವೈ ಬೆಲೆಗಳ ವ್ಯತ್ಯಾಸ, ಎಕ್ಸ್ ಬೆಲೆಗಳ ವ್ಯತ್ಯಾಸದ ಎರಡರಷ್ಟು ಇದೆಯೇ ಎಂದು ನೋಡಬೇಕು. ಬಿಂದುಗಳು ಬೇರೆ ಬೇರೆ ಇವೆಯೇ, ರೇಖೆ ಮೂಲಬಿಂದುವಿನ ಮೂಲಕ ಹಾಯುತ್ತದೆಯೇ ಎಂದೂ ನೋಡಬೇಕು. ಪ್ರತಿ ವಿದ್ಯಾರ್ಥಿಗೂ ಬೇರೆ ಸಂಖ್ಯೆ ಬರುವಂತೆ ಮಾಡಿದ್ದರೆ, ಯಾವುದಾದರೂ ಒಂದು ಪಾಠಾಂತರದಲ್ಲಿ ಬಿಂದುಗಳ ಆರಂಭದ ಸ್ಥಾನವೇ ಸರಿಯುತ್ತರ ಆಗಿಬಿಟ್ಟಿಲ್ಲವಷ್ಟೇ ಎಂದು ಖಚಿತಪಡಿಸಿಕೊಳ್ಳಬೇಕು. ಸ್ಟ್ಯಾಕ್‌ನಲ್ಲಿ ಪ್ರಶ್ನೆಯ ಜೊತೆಗೇ ಮಾದರಿ ಉತ್ತರಗಳನ್ನೂ ಮಾದರಿ ತಪ್ಪುಗಳನ್ನೂ ಬರೆದಿಟ್ಟು ಎಲ್ಲ ಪಾಠಾಂತರಗಳನ್ನೂ ಒಮ್ಮೆಗೇ ಪರೀಕ್ಷಿಸುವ ಏರ್ಪಾಡಿದೆ. ನನ್ನ ಮಟ್ಟಿಗೆ ಅದರ ಅತ್ಯುತ್ತಮ ಗುಣ ಇದೇ.

ಈ ಬಗೆಯ ಪ್ರಶ್ನೆಯ ನಿಜವಾದ ಶಕ್ತಿ ಇರುವುದು ‘ಉದಾಹರಣೆ ಕೊಡಿ’ ಎನ್ನುವಲ್ಲಿ. ಕೆಳಮುಖವಾಗಿ ತೆರೆದುಕೊಂಡು ಎಕ್ಸ್-ಅಕ್ಷವನ್ನು ಎಲ್ಲೂ ಮುಟ್ಟದ ಒಂದು ಪರವಲಯ ಮಾಡಿ ಎಂದರೆ ಸರಿಯುತ್ತರಗಳು ಲೆಕ್ಕವಿಲ್ಲದಷ್ಟು. ಅರವತ್ತು ಮಕ್ಕಳ ಅರವತ್ತು ಉತ್ತರಗಳನ್ನು ಮೇಷ್ಟ್ರು ಒಂದೊಂದಾಗಿ ನೋಡಬೇಕಾದ ಕಡೆ, ಯಂತ್ರ ಶೋಧಕದ ಚಿಹ್ನೆಯನ್ನೂ ಮೊದಲ ಸಹಗುಣಕದ ಚಿಹ್ನೆಯನ್ನೂ ನೋಡಿ ಆ ಕ್ಷಣದಲ್ಲೇ ಹೇಳಿಬಿಡುತ್ತದೆ. ಜೆಇಇ ಮೇನ್‌ನಂಥ ಪರೀಕ್ಷೆ ಕಂಪ್ಯೂಟರಿನಲ್ಲೇ ನಡೆದರೂ ಕೇಳುವುದು ಬಹು ಆಯ್ಕೆಯ ಪ್ರಶ್ನೆಗಳನ್ನು ಮತ್ತು ಸಂಖ್ಯೆ ತುಂಬುವ ಪ್ರಶ್ನೆಗಳನ್ನು. ನಾಲ್ಕು ಪರವಲಯಗಳಲ್ಲಿ ಒಂದನ್ನು ಗುರುತಿಸುವುದೇ ಬೇರೆ, ಬೇಕಾದ ಗುಣವಿರುವ ಪರವಲಯವನ್ನು ತಾನೇ ಹುಟ್ಟಿಸುವುದೇ ಬೇರೆ. ಎರಡನೆಯದನ್ನು ಮಾಡಬಲ್ಲವರಿಗೆ ಶೋಧಕ ಎಂದರೇನೆಂದು ಒಳಗಿನಿಂದ ಗೊತ್ತಿರುತ್ತದೆ.

ಆದರೆ ಅದೇ ಪ್ರಶ್ನೆಯಲ್ಲಿ ವಕ್ರರೇಖೆಯನ್ನು ಎಳೆದವರು ಯಾರು? ವಿದ್ಯಾರ್ಥಿ ಸರಿಸಿದ್ದು ಮೂರು ಬಿಂದುಗಳನ್ನು. ಅವುಗಳ ಮೂಲಕ ನುಣುಪಾದ ಪರವಲಯ ಹಾಯಿಸಿದ್ದು ತಂತ್ರಾಂಶ. ಹತ್ತನೇ ತರಗತಿಯಲ್ಲಿ ಪಾಠ ಮಾಡಿದ ಎಲ್ಲರಿಗೂ ಗೊತ್ತು: ಬೆಲೆಗಳ ಪಟ್ಟಿ ಸರಿಯಾಗಿ ಮಾಡಿ, ಬಿಂದುಗಳನ್ನೂ ಸರಿಯಾಗಿ ಗುರುತಿಸಿ, ಕೊನೆಗೆ ಅವುಗಳನ್ನು ಸ್ಕೇಲಿಟ್ಟು ನೇರ ಗೆರೆಗಳಿಂದ ಜೋಡಿಸುವ ಮಕ್ಕಳು ಪ್ರತಿ ವರ್ಷ ಸಿಗುತ್ತಾರೆ. ಗುರುತಿಸಿದ ಎರಡು ಬಿಂದುಗಳ ನಡುವೆಯೂ ಫಂಕ್ಷನ್‌ಗೆ ಬೆಲೆಯಿದೆ ಎಂಬುದು ಅವರಿಗೆ ಇನ್ನೂ ಹೊಳೆದಿಲ್ಲ. ಮೇಷ್ಟ್ರಿಗೆ ಇದಕ್ಕಿಂತ ಬೆಲೆಬಾಳುವ ತಪ್ಪು ಇನ್ನೊಂದಿಲ್ಲ, ಮುಂದಿನ ಪಾಠ ಎಲ್ಲಿಂದ ಶುರುವಾಗಬೇಕೆಂದು ಅದು ಹೇಳುತ್ತದೆ. ತೆರೆಯ ಮೇಲೆ ಆ ತಪ್ಪು ಹುಟ್ಟುವುದೇ ಇಲ್ಲ. ಅಕ್ಷಗಳದ್ದೂ ಇದೇ ಕಥೆ. ವೈ ಬೆಲೆ 400ರವರೆಗೆ ಏರುವಾಗ ಒಂದು ಸೆಂಟಿಮೀಟರಿಗೆ ಎಷ್ಟು ಮಾನ ಹಿಡಿಯಬೇಕು ಎಂದು ಯೋಚಿಸುವುದೇ ನಕ್ಷೆಯ ಕಾಲುಭಾಗ ಗಣಿತ. ಇಲ್ಲಿ ಅಕ್ಷ, ಅಳತೆ ಎಲ್ಲ ಸಿದ್ಧವಾಗಿ ಬಂದಿರುತ್ತವೆ. ಉತ್ತರ ಆ ಚೌಕಟ್ಟಿನೊಳಗೇ ಇರಲೇಬೇಕೆಂಬ ಸುಳಿವೂ ಪುಕ್ಕಟೆ.

ತಪ್ಪಿಗೆ ಜಾಗ ಬಿಟ್ಟ ಪ್ರಶ್ನೆ ಹೇಗಿರುತ್ತದೆ ಎಂಬುದಕ್ಕೆ ಡೆರಿವೇಟಿವ್‌ನ ನಕ್ಷೆ ಒಳ್ಳೆಯ ಉದಾಹರಣೆ. ಎಕ್ಸ್‌ನ ಘನದಿಂದ 3 ಎಕ್ಸ್ ಕಳೆದರೆ ಬರುವ ಫಂಕ್ಷನ್ನಿನ ನಕ್ಷೆಯನ್ನು ಮೇಲೆ ಕೊಟ್ಟು, ಸೂತ್ರ ಕೊಡದೆ, ಕೆಳಗೆ −2ರಿಂದ 2ರವರೆಗೆ ಅರ್ಧರ್ಧ ಮಾನದ ಅಂತರದಲ್ಲಿ ಮೇಲೆ ಕೆಳಗೆ ಮಾತ್ರ ಸರಿಯುವ ಒಂಬತ್ತು ಬಿಂದುಗಳನ್ನಿಟ್ಟು, ಡೆರಿವೇಟಿವ್ ಹೇಗಿರುತ್ತದೆ ತೋರಿಸಿ ಎನ್ನಿ. −1 ಮತ್ತು 1ರಲ್ಲಿ ಸೊನ್ನೆ, ನಡುವೆ ಋಣ, ಹೊರಗೆ ಧನ: ಇಷ್ಟಕ್ಕೆ ಅಂಕ. −2ರಲ್ಲಿ ಬೆಲೆ ಕರಾರುವಾಕ್ಕಾಗಿ 9 ಬಂದಿದೆಯೇ ಎಂದು ಕಾಡುವುದು ಅನ್ಯಾಯ, ನಕ್ಷೆ ನೋಡಿ ಅದು ಹೇಳಲಾಗದು. ಒಬ್ಬಳು −2, −1, 0, 1, 2ರಲ್ಲಿ ಕ್ರಮವಾಗಿ −2, 2, 0, −2, 2ರ ಆಸುಪಾಸಿಗೆ ಬಿಂದುಗಳನ್ನು ಇಟ್ಟಿದ್ದರೆ ಆಕೆ ಮೂಲ ನಕ್ಷೆಯನ್ನೇ ನಕಲು ಮಾಡಿದ್ದಾಳೆ: ಎತ್ತರವನ್ನೂ ಇಳಿಜಾರನ್ನೂ ಒಂದೇ ಅಂದುಕೊಂಡಿದ್ದಾಳೆ. ಚಿಹ್ನೆಗಳೆಲ್ಲ ತಿರುಗುಮುರುಗಾಗಿದ್ದರೆ ಅದು ಬೇರೆ ಗೊಂದಲ. ಉತ್ತರವನ್ನು ಒಂದೊಂದೇ ಪರಿಶೀಲನೆಯಿಂದ ಕವಲೊಡೆಸಿ ನೋಡುವ ಸ್ಟ್ಯಾಕ್‌ನ ತಿದ್ದುವ ಮರದಲ್ಲಿ ಇಂಥ ಪ್ರತಿಯೊಂದಕ್ಕೂ ಒಂದು ಕೊಂಬೆ ಕೊಟ್ಟು, ಆಯಾ ತಪ್ಪಿಗೆ ತಕ್ಕ ಮಾತನ್ನು ಕನ್ನಡದಲ್ಲೇ ಬರೆಯಬಹುದು. ಬಿಂದುಗಳು −1, 0, 1ರಲ್ಲಿ ಮಾತ್ರ ಇದ್ದಿದ್ದರೆ ನೋಡಬೇಕಾದ ಜಾಗವನ್ನು ಪ್ರಶ್ನೆಯೇ ತೋರಿಸಿಕೊಟ್ಟಂತಾಗುತ್ತಿತ್ತು. ಒಂಬತ್ತು ಇಟ್ಟದ್ದು ಅದಕ್ಕೇ.

ನಮ್ಮಲ್ಲಿ ಬಹಳಷ್ಟು ಮಕ್ಕಳು ಇದನ್ನೆಲ್ಲ ಮಾಡುವುದು ಫೋನಿನಲ್ಲಿ. ಬೆರಳಿಟ್ಟರೆ ಬಿಂದುವೇ ಮುಚ್ಚಿಹೋಗುತ್ತದೆ, ಎಳೆಯಲು ಹೋದರೆ ಪುಟ ಜಾರುತ್ತದೆ. ಹಾಗಾಗಿ ಬಿಂದು ಅರ್ಧ ಮಾನದ ಚೌಕಗಳಿಗೆ ತಾನೇ ಅಂಟಿಕೊಳ್ಳುವಂತೆ ಮಾಡುವುದು ಸೌಜನ್ಯ. ಬೆರಳು ನಡುಗಿದ್ದಕ್ಕೆ ಅಂಕ ಹೋಗಬಾರದು. ಜೆಎಸ್‌ಎಕ್ಸ್‌ಗ್ರಾಫ್‌ನ ಈಚಿನ ಆವೃತ್ತಿಗಳಲ್ಲಿ ಮೌಸ್ ಹಿಡಿಯಲಾಗದವರು ಕೀಲಿಮಣೆಯ ಬಾಣಗಳಿಂದಲೂ ಬಿಂದು ಸರಿಸಬಹುದು. ಕಣ್ಣು ಕಾಣದ ವಿದ್ಯಾರ್ಥಿಗೆ ಮಾತ್ರ ಇದು ಸಾಲದು. ಅದೇ ಗಣಿತವನ್ನು ನಕ್ಷೆಯಿಲ್ಲದೆ ಕೇಳುವ ಇನ್ನೊಂದು ಪ್ರಶ್ನೆಯನ್ನು ಅಧ್ಯಾಪಕರೇ ಬರೆಯಬೇಕು.

ಎಸ್ಸೆಸ್ಸೆಲ್ಸಿಯಲ್ಲಿ ರೇಖಾತ್ಮಕ ಸಮೀಕರಣಗಳ ಜೋಡಿಯನ್ನು ನಕ್ಷೆಯಿಂದ ಬಿಡಿಸಿ ಎಂಬ ಪ್ರಶ್ನೆಯನ್ನು ಈಗಲೂ ಮಕ್ಕಳು ಗ್ರಾಫ್ ಹಾಳೆಯ ಮೇಲೆ ಬರೆಯುತ್ತಾರೆ. ಆ ಹಾಳೆಯನ್ನು ಆನ್‌ಲೈನ್ ಪರೀಕ್ಷೆಯಿಂದ ಹೊರಗಿಡಬೇಕಿಲ್ಲ. ಮೂಡಲ್‌ನ ಪ್ರಬಂಧ ಮಾದರಿಯ ಪ್ರಶ್ನೆಗೆ ಫೋಟೊ ಲಗತ್ತಿಸಲು ಬರುತ್ತದೆ. ಅಕ್ಷ, ಅಳತೆ, ಕೈಯಿಂದ ಎಳೆದ ವಕ್ರರೇಖೆಗೆ ಅದೇ ಪರೀಕ್ಷೆಯಲ್ಲಿ ಅಂಥದೊಂದು ಪ್ರಶ್ನೆ ಇರಲಿ, ಗುಣ ನೋಡಿ ತಿದ್ದುವುದನ್ನು ಸ್ಟ್ಯಾಕ್ ಮಾಡಲಿ. ಫೋಟೊಗಳನ್ನು ಒಂದೊಂದಾಗಿ ತೆರೆದು ತಿದ್ದುವ ಕೆಲಸ ಮೇಷ್ಟ್ರಿಗೇ ಉಳಿಯುತ್ತದೆ. ಅದಕ್ಕೆ ತಗಲುವ ಸಮಯವನ್ನು ಕಾಲೇಜು ವೇಳಾಪಟ್ಟಿಯಲ್ಲೇ ತೋರಿಸಿ ಕೊಡಬೇಕು.