ಪೂಫ್ ಖಾಲಿ ಇತ್ತು

ಇತ್ತೀಚೆಗೆ ನಾಲತವಾಡದಲ್ಲಿ ಪರಿಚಿತರೊಬ್ಬರ ಹೊಸ ಮನೆಗೆ ಹೋಗಿದ್ದೆವು. ಪಡಸಾಲೆಯ ಜಾಗದಲ್ಲಿ ಈಗ ಹಾಲ್ ಬಂದಿದೆ. ಸೋಫಾದ ಮುಂದೆ ಒಂದು ಒಟ್ಟೋಮನ್, ಮೂಲೆಯಲ್ಲಿ ಎರಡು ದುಂಡನೆಯ ಪೂಫ್‌ಗಳು. "ಕುಂದ್ರಾಕೂ ಆತು, ಕಾಲ ಚಾಚಾಕೂ ಆತು, ಒಳಗ ಸಾಮಾನ ಇಡಾಕೂ ಆತ್ರಿ" ಎನ್ನುತ್ತ ಮನೆಯೊಡತಿ ಒಟ್ಟೋಮನ್ನಿನ ಮುಚ್ಚಳ ಎತ್ತಿ ತೋರಿಸಿದರು. ಒಳಗಿದ್ದುದು ಅವರ ಅತ್ತೆ ಹೊಲಿದ ಕೌದಿಗಳು.

ಗೃಹಾಲಂಕಾರದ ಪುಟಗಳು ಈ ಆಸನಗಳನ್ನು ನಿನ್ನೆ ಮೊನ್ನೆ ಹುಟ್ಟಿದವೆಂಬಂತೆ ಹೊಗಳುತ್ತವೆ. ಹೆಸರುಗಳೇ ಬೇರೆ ಕಥೆ ಹೇಳುತ್ತವೆ. ಒಟ್ಟೋಮನ್ ಎಂದರೆ ಉಸ್ಮಾನಿಯಾ ತುರ್ಕರು. ಅವರ ಮನೆಗಳಲ್ಲಿ ಗೋಡೆಗುಂಟ ಇರುತ್ತಿದ್ದ ದಿಂಬಿನ ಆಸನಗಳ ಮಾದರಿಗೆ 18ನೇ ಶತಮಾನದ ಯುರೋಪು ಆ ಹೆಸರಿಟ್ಟಿತು. ಸೋಫಾದ ಮೂಲ ಅರಬಿಯ 'ಸುಫ್ಫಾ', ದಿವಾನದ ಮೂಲ ಫಾರಸಿ. ಪೂಫ್ ಎಂಬ ಹೆಸರು ಫ್ರೆಂಚರದಾದರೂ ಚರ್ಮದ ಪೂಫಿಗೆ ಹೆಸರಾದದ್ದು ಮೊರಾಕ್ಕೊ. ಇನ್ನು ನಮ್ಮ ಜಿಲ್ಲೆಯ ಆದಿಲ್‌ಶಾಹಿ ಮನೆತನದ ಸ್ಥಾಪಕ ಯೂಸುಫ್ ಆದಿಲ್ ಶಾಹ್ ಉಸ್ಮಾನಿಯಾ ಸುಲ್ತಾನನ ಮಗನೆಂದೇ ಬಿಜಾಪುರದ ಆಶ್ರಯದಲ್ಲಿದ್ದ ಚರಿತ್ರೆಕಾರ ಫಿರಿಶ್ತಾ ಬರೆದ. ಇಂದಿನ ಇತಿಹಾಸಕಾರರು ಅದನ್ನು ನಂಬುವುದಿಲ್ಲ. ಆದರೂ ತಗ್ಗಿನ ಮೆತ್ತನೆಯ ಆಸನದ ಪಾಠವನ್ನು ನಾವು ಮಹಾನಗರದ ಮಳಿಗೆಗಳಿಂದ ಕಲಿಯಬೇಕಾಗಿಲ್ಲ.

ಜಮಖಾನೆ, ಗಾದಿ, ಲೋಡು, ಕೌದಿ ಇವು ಮೊದಲಿನಿಂದಲೂ ನಮ್ಮಲ್ಲಿದ್ದವು. ನವಲಗುಂದದ ಜಮಖಾನೆಯನ್ನು ನೇಯುವವರು ಹೆಚ್ಚಾಗಿ ಮುಸ್ಲಿಂ ಹೆಣ್ಣುಮಕ್ಕಳು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆದರೆ ಮಗ್ಗಗಳ ಸಂಖ್ಯೆ ಮಾತ್ರ ಇಳಿಯುತ್ತಲೇ ಬಂತು. ಗಾದಿ, ಲೋಡುಗಳ ಕಸುಬು ಪಿಂಜಾರರದು, ಅಂದರೆ ನದಾಫರದು. ಬಿಲ್ಲಿನಂಥ ಸಾಧನದ ತಂತಿ ಮೀಟಿ ಅರಳೆ ಹಿಂಜುತ್ತ ಅವರು ಊರೂರು ತಿರುಗುತ್ತಿದ್ದರು. ಗಂಟುಗಟ್ಟಿದ ಹಳೆಯ ಗಾದಿಯನ್ನು ಬಿಚ್ಚಿ, ಅದೇ ಅರಳೆಯನ್ನು ಮತ್ತೆ ಹಿಂಜಿ ತುಂಬುತ್ತಿದ್ದರು. ಮೊದಲು ಯಂತ್ರ ಬಂತು, ಆಮೇಲೆ ಫೋಮ್ ಬಂತು. ಕುಸಿದ ಫೋಮನ್ನು ಯಾರೂ ಹಿಂಜಲಾರರು, ಅದು ತಿಪ್ಪೆಗೇ ಹೋಗಬೇಕು. ಬೇಸಿಗೆಯಲ್ಲಿ ಕಾದು ಬೆವರಿಗೆ ಅಂಟುವ ರೆಕ್ಸಿನ್ ನಮ್ಮ ಹವೆಗೆ ಒಗ್ಗುವ ಬಟ್ಟೆಯೂ ಅಲ್ಲ.

ಹಾಗಾದರೆ ಪೂಫ್ ಬೇಡವೇ? ಹಾಗೆಂದು ನಾವು ಹೇಳುವುದಿಲ್ಲ. ಚಿಕ್ಕ ಮನೆಗೆ ಅದು ಅನುಕೂಲ. ಬೇಕಾದಲ್ಲಿಗೆ ಎಳೆದುಕೊಳ್ಳಬಹುದು. ನೆಲಕ್ಕೆ ಕೂರಲಾಗದ ಮೊಣಕಾಲಿಗೆ ತುಸು ಎತ್ತರವೂ ಸಿಗುತ್ತದೆ, ಆದರೆ ಬೆನ್ನಿಗೆ ಆಸರೆ ಇಲ್ಲ. ಅದಕ್ಕೆ ಕಟ್ಟಿಗೆಯ ಚೌಕಟ್ಟು ಬೇಕೇ ಬೇಕೆಂದಿಲ್ಲ. ಹಳೆಯ ಕೌದಿಯ ಹೊದಿಕೆ, ಒಳಗೆ ಗಟ್ಟಿಯಾಗಿ ತುಂಬಿದ ಅರಳೆ ಇದ್ದರೆ ಸಾಕು. ನದಾಫರ ಕೈಗೆ, ಕೌದಿ ಹೊಲಿಯುವ ಹೆಣ್ಣುಮಕ್ಕಳ ಸೂಜಿಗೆ ಅಲ್ಲಿ ಕೆಲಸವಿದೆ. ಕಂತಿನ ಮೇಲೆ ಫೋಮ್ ಕೊಳ್ಳುವವರು ಇದನ್ನೊಮ್ಮೆ ಯೋಚಿಸಬೇಕು.

ಹಾಗೆಂದು ಹಳೆಯದೆಲ್ಲ ಚಿನ್ನವೆಂದು ಹಾಡುವುದೂ ಸುಳ್ಳಾದೀತು. ಜಮಖಾನೆಗೆ ಅಂಚಿತ್ತು. ಅದರ ಮೇಲೆ ಯಾರು, ಅದರಾಚೆ ಬರಿ ನೆಲದಲ್ಲಿ ಯಾರು, ಹೊಸ್ತಿಲ ಹೊರಗೆ ಯಾರು ಎಂಬುದು ಇಡೀ ಊರಿಗೆ ಗೊತ್ತಿತ್ತು. ಆಸನದ ಅಂದವನ್ನು ಅಳೆಯುವಾಗ ಗೃಹಾಲಂಕಾರದ ಪುಟಗಳು ಬಣ್ಣ ಕೇಳುತ್ತವೆ, ಅಳತೆ ಕೇಳುತ್ತವೆ. ಅದರ ಮೇಲೆ ಯಾರು ಕೂರಬಹುದು ಎಂದು ಕೇಳುವುದಿಲ್ಲ.

ನಾವು ಚಹಾ ಕುಡಿಯುತ್ತಿದ್ದಾಗ ಹೊಲದ ಕೆಲಸದ ಹೆಣ್ಣುಮಗಳೊಬ್ಬಳು ಕೂಲಿ ಕೇಳಲು ಬಂದಳು. ಎರಡೂ ಪೂಫ್ ಖಾಲಿ ಇದ್ದವು. ಅವಳು ಬಾಗಿಲ ಬಳಿ ನೆಲದ ಮೇಲೆ ಕುಳಿತಳು. ಮೇಲೆ ಕೂರು ಎಂದು ಮನೆಯವರು ಹೇಳಲಿಲ್ಲ. ಒಟ್ಟೋಮನ್ ಮೇಲೆ ಕಾಲಿಟ್ಟು ಕುಳಿತಿದ್ದ ನಾವೂ ಹೇಳಲಿಲ್ಲ. ನಮ್ಮ ಕಾಲಿಗೆ ಸಿಕ್ಕ ಮೆತ್ತನೆಯ ಜಾಗ ಅವಳಿಗೆ ಸಿಗಲಿಲ್ಲ. ಕಾಲು ಕೆಳಗಿಳಿಸಬೇಕೆಂದು ನಮಗೆ ಹೊಳೆದದ್ದು ಅವಳು ಎದ್ದು ಹೋದ ಮೇಲೆ.