ಲಿಫ್ಟ್ ತನಕ ಯಾರು ಬಂದರು?

ನೀವು ಜೆಬೆಲ್ ಅಲಿಯಲ್ಲಿ ಕೆಲಸ ಮಾಡೋರಾದರೆ ಈ ದೃಶ್ಯ ನೋಡಿರ್ತೀರಿ. ಬೆಳಿಗ್ಗೆ ಹತ್ತೂವರೆ. ಎಚ್‌ಆರ್‌ನಿಂದ ಒಬ್ಬರಿಗೆ ಕರೆ ಬರುತ್ತದೆ. ಕಾಲು ಗಂಟೆಯಲ್ಲಿ ಅವರು ವಾಪಸ್ ಬಂದು ಡ್ರಾಯರ್ ಎಳೆಯುತ್ತಾರೆ, ಪಕ್ಕದಲ್ಲಿ ಸೆಕ್ಯೂರಿಟಿಯವನು ನಿಂತಿರುತ್ತಾನೆ. ಎ4 ಕಾಗದ ಬಂದಿದ್ದ ಖಾಲಿ ರಟ್ಟಿನ ಡಬ್ಬಿಯೊಳಗೆ ಮಗ್, ಚಾರ್ಜರ್, ಮಕ್ಕಳ ಫೋಟೋ ಸೇರುತ್ತವೆ. ಸುತ್ತ ಕೂತ ನಾವೆಲ್ಲ ಎಕ್ಸೆಲ್ ಶೀಟನ್ನು ಪರೀಕ್ಷೆಗೆ ಓದುವ ಹುಡುಗರ ಹಾಗೆ ಓದುತ್ತಿರುತ್ತೇವೆ.

ನನ್ನ ಹಳೆಯ ಆಫೀಸಿನಲ್ಲಿ ಹೀಗೆ ಹೋದವರು ಕುಂದಾಪುರ ಕಡೆಯವರು. ಹನ್ನೊಂದು ವರ್ಷ ನಮ್ಮ ಜೊತೆ ಇದ್ದರು. ಅವರು ನನ್ನ ಮೇಜಿನ ಮುಂದೆಯೇ ಹಾದುಹೋದರು. ನಾನು ತಲೆ ಎತ್ತಲಿಲ್ಲ. ಅದನ್ನು ಆವತ್ತು ನಾನು ಮರ್ಯಾದೆ ಅಂದುಕೊಂಡಿದ್ದೆ.

ಇಂಥ ದಿನಕ್ಕೆ ಆಫೀಸುಗಳಲ್ಲಿ ಒಂದು ಸಿದ್ಧ ಸಲಹೆ ಇರುತ್ತದೆ: ಕಾರಣ ಕೇಳಬೇಡಿ, ಗುಸುಗುಸು ಮಾಡಬೇಡಿ, ಅವರು ಘನತೆಯಿಂದ ಹೋಗಲಿ ಬಿಡಿ. ಮೊದಲ ಎರಡಕ್ಕೆ ನನ್ನ ತಕರಾರಿಲ್ಲ. ಮೂರನೆಯದನ್ನು ಸ್ವಲ್ಪ ತಿರುಗಿಸಿ ನೋಡಿ. ಅದರಲ್ಲಿ ಯಾರ ಘನತೆ ಉಳಿಯುತ್ತದೆ? ಹೋಗುವವರದ್ದೋ, ಅಥವಾ ಮುಖ ಎದುರಿಸುವ ಕಷ್ಟ ತಪ್ಪಿಸಿಕೊಂಡ ನಮ್ಮದೋ?

ಈ ಸಲಹೆಯನ್ನು ಅದರ ಕೊನೆಯ ಮೆಟ್ಟಿಲಿನವರೆಗೆ ಒಯ್ದರೆ ಏನಾಗುತ್ತದೆ ಅನ್ನೋದಕ್ಕೆ ಒಂದು ಉದಾಹರಣೆ ಇದೆ. ಅದರ ಒಂದು ತುದಿ ನಮ್ಮ ಕಿಟಕಿಗೆ ಕಾಣುವ ಕ್ರೇನುಗಳ ಬುಡದಲ್ಲೇ ಇದೆ. ಜೆಬೆಲ್ ಅಲಿ ಬಂದರು ನಡೆಸುವ ಡಿಪಿ ವರ್ಲ್ಡ್ ಒಡೆತನದ ಬ್ರಿಟನ್ನಿನ ಹಡಗು ಕಂಪನಿ ಪಿ ಅಂಡ್ ಒ ಫೆರೀಸ್, 2022ರ ಮಾರ್ಚ್ 17ರಂದು 786 ಹಡಗು ಸಿಬ್ಬಂದಿಯನ್ನು ಒಂದೇ ದಿನ ಕೆಲಸದಿಂದ ತೆಗೆಯಿತು. ಹೇಳಿದ್ದು ಹೇಗೆ? ಮೊದಲೇ ರೆಕಾರ್ಡ್ ಮಾಡಿಟ್ಟ ವಿಡಿಯೋ ಸಂದೇಶದಲ್ಲಿ. ಇವತ್ತೇ ನಿಮ್ಮ ಕೊನೆಯ ದಿನ ಅನ್ನೋದು ಅದರ ಸಾರ. ಬದಲಿ ಸಿಬ್ಬಂದಿ ಅಷ್ಟರಲ್ಲಾಗಲೇ ಬಂದರಿನಲ್ಲಿ ಬಸ್ಸುಗಳಲ್ಲಿ ಕಾಯುತ್ತಿದ್ದರು. ಒಂದು ವಾರದ ನಂತರ ಮುಖ್ಯಸ್ಥ ಪೀಟರ್ ಹೆಬಲ್‌ತ್ವೇಟ್ ಸಂಸದರ ಸಮಿತಿಯ ಎದುರು ಕೂತು ಒಪ್ಪಿಕೊಂಡರು: ಯೂನಿಯನ್ನುಗಳ ಜೊತೆ ಮೊದಲೇ ಸಮಾಲೋಚನೆ ಮಾಡಬೇಕೆಂದು ಕಾನೂನಿದೆ, ನಾವು ಬೇಕೆಂದೇ ಮಾಡಲಿಲ್ಲ.

ಕಾನೂನಿನ ಮಾತು ಹಾಗಿರಲಿ, ನನ್ನ ಗಮನ ಇರೋದು ಆ ವಿಡಿಯೋದ ಮೇಲೆ. ಅದನ್ನು ಒಂದು ಬರಹದ ಹಾಗೆ ಓದಿದರೆ, ಅದರ ದೊಡ್ಡ ಗುಣ ಭಾಷೆಯಲ್ಲಿಲ್ಲ, ಮಾಧ್ಯಮದಲ್ಲಿದೆ. ರೆಕಾರ್ಡ್ ಮಾಡಿದ ಮುಖಕ್ಕೆ ನೀವು ಏನೂ ಕೇಳುವಂತಿಲ್ಲ. ಅತ್ತರೂ ಅದು ನಿಲ್ಲುವುದಿಲ್ಲ. ಉತ್ತರವೇ ಬರದಂತೆ ಕಟ್ಟಿದ ಮಾತು ಅದು. ಹಲ್ ಬಂದರಿನಲ್ಲಿ ಪ್ರೈಡ್ ಆಫ್ ಹಲ್ ಹಡಗಿನ ಕ್ಯಾಪ್ಟನ್ ಏಣಿ ಎತ್ತಿಸಿ ಸಿಬ್ಬಂದಿಯ ಜೊತೆ ಹಡಗಿನಲ್ಲೇ ಉಳಿದರು. ಆ ದಿನ ಆ ವಿಡಿಯೋಗೆ ಸಿಕ್ಕ ಉತ್ತರಗಳಲ್ಲಿ ನನಗೆ ನೆನಪಿರೋದು ಅದೊಂದೇ.

ಈಗ ನಮ್ಮ ಭಾಷೆಗೆ ಬನ್ನಿ. ಮನೆಯಲ್ಲಿ ಅಜ್ಜಿ ನಿಮ್ಮನ್ನು ತಿದ್ದಿರಬಹುದು: 'ಹೋಗ್ತೀನಿ ಅನ್ನಬಾರದು ಮಗಾ, ಹೋಗಿ ಬರ್ತೀನಿ ಅನ್ನು.' ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಇದನ್ನು ಮೂಢನಂಬಿಕೆ ಅಂದುಕೊಳ್ಳೋದುಂಟು. ಆದರೆ ಗಮನಿಸಿ, ಆ ಮಾತು ಅರ್ಧ ಮಾತ್ರ. ನಿಂತವರು 'ಹೋಗಿ ಬನ್ನಿ' ಅನ್ನುವವರೆಗೆ ಚಪ್ಪಲಿ ಮೆಟ್ಟಿದವರು ಬಾಗಿಲಲ್ಲೇ ಕಾಯುತ್ತಾರೆ. ಕನ್ನಡದಲ್ಲಿ ಇದಕ್ಕೆ ಎರಡು ಕ್ರಿಯಾಪದಗಳೇ ಇವೆ. ಹೋಗುವವರು ಬೀಳ್ಕೊಳ್ಳುತ್ತಾರೆ, ಉಳಿಯುವವರು ಬೀಳ್ಕೊಡುತ್ತಾರೆ. ಒಬ್ಬರು ತೆಗೆದುಕೊಳ್ಳಬೇಕು, ಇನ್ನೊಬ್ಬರು ಕೊಡಬೇಕು. ನಾವು ಎಕ್ಸೆಲ್ ನೋಡುತ್ತಾ ಕೂತಾಗ ಆ ಕೊಡುವ ಕೆಲಸ ಹಾಗೇ ಬಾಕಿ ಉಳಿಯುತ್ತದೆ.

ಭಯ ಇಲ್ಲವಾ? ಇದೆ. ಅವರ ಜೊತೆ ಮಾತಾಡಿದ್ದನ್ನು ಮ್ಯಾನೇಜರ್ ನೋಡಿದರೆ ಮುಂದಿನ ಡಬ್ಬಿ ನನ್ನದೇ ಆಗಬಹುದು ಅನ್ನೋ ಲೆಕ್ಕ ಎಲ್ಲರ ತಲೆಯಲ್ಲೂ ಓಡುತ್ತದೆ. ಬಾಡಿಗೆ, ಶಾಲೆ ಫೀಸು, ಊರಿನ ಸಾಲ ಇರುವವರಿಗೆ ಅದು ಸಣ್ಣ ಲೆಕ್ಕವೇನಲ್ಲ. ಯಾರೂ ನೋಡದೆ ಹೊರಟುಬಿಟ್ಟರೆ ಸಾಕು ಅನ್ನುವವರೂ ಇದ್ದಾರೆ, ಅಂಥವರ ಹಿಂದೆ ಓಡಿ ತಬ್ಬಿಕೊಳ್ಳಲು ಹೋಗಬೇಡಿ. ಆದರೆ ಆ ಹೊತ್ತಿನಲ್ಲಿ ಆಗದಿದ್ದರೆ ಸಂಜೆ ಫೋನ್ ಮಾಡಬಹುದಲ್ವಾ? ನಾನು ಅದನ್ನೂ ಮಾಡಲಿಲ್ಲ.

ಯಾಕೆಂದರೆ, ಬೆಂಗಳೂರಿನಲ್ಲಿ ಕೆಲಸ ಹೋದರೆ ಕೆಲಸ ಹೋಗುತ್ತದೆ. ಇಲ್ಲಿ ಕೆಲಸದ ಹಿಂದೆ ವೀಸಾ, ವೀಸಾದ ಹಿಂದೆ ಹೆಂಡತಿ ಮಕ್ಕಳ ವೀಸಾ, ಅದರ ಹಿಂದೆ ಮನೆ, ಶಾಲೆ. ಎಲ್ಲಕ್ಕೂ ದಿನಗಳ ಎಣಿಕೆ ಶುರುವಾಗಿಬಿಡುತ್ತದೆ. 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನು ಜಾಫ್ಜಾದಂಥ ಫ್ರೀ ಝೋನಿಗೂ ಅನ್ವಯಿಸುತ್ತದೆ. ನೋಟಿಸ್ ಅವಧಿ 30ರಿಂದ 90 ದಿನ. ಕಂಪನಿಯೇ ತೆಗೆದಿದ್ದರೆ, ಆ ಅವಧಿಯಲ್ಲಿ ವಾರಕ್ಕೊಂದು ದಿನ ಬೇರೆ ಕೆಲಸ ಹುಡುಕಲು ಸಂಬಳವಿಲ್ಲದ ರಜೆ ಕೇಳಬಹುದು. ಬಾಕಿ ಹಣವನ್ನೆಲ್ಲ ಒಪ್ಪಂದ ಮುಗಿದ 14 ದಿನದೊಳಗೆ ಕೊಡಬೇಕು. 2023ರಿಂದ ನಿರುದ್ಯೋಗ ವಿಮೆಯೂ ಬಂದಿದೆ. 12 ತಿಂಗಳು ಸತತ ಕಂತು ಕಟ್ಟಿದವರಿಗೆ, ಶಿಸ್ತುಕ್ರಮದ ಕಾರಣಕ್ಕೆ ತೆಗೆದಿರದಿದ್ದರೆ, ಮೂಲ ವೇತನದ 60% ಮೂರು ತಿಂಗಳವರೆಗೆ ಸಿಗುತ್ತದೆ. ಅದಕ್ಕೆ ಕೆಲಸ ಹೋದ 30 ದಿನದೊಳಗೆ ಅರ್ಜಿ ಹಾಕಬೇಕು.

ಆ ಮೂವತ್ತು ದಿನದ ವಿಷಯ ನನಗೆ ಗೊತ್ತಿತ್ತು. ನನ್ನ ಎದುರಿನ ಮೇಜಿನವರಿಗೂ ಗೊತ್ತಿತ್ತು.

ಸುಮಾರು ಆರು ವಾರದ ನಂತರ ಅವರು ಡಿಸ್ಕವರಿ ಗಾರ್ಡನ್ಸ್‌ನ ಒಂದು ಅಂಗಡಿಯಲ್ಲಿ ಸಿಕ್ಕರು. ಕೈಯಲ್ಲಿ ಹಗ್ಗ, ದೊಡ್ಡ ಟೇಪು, ಸಾಮಾನು ಕಟ್ಟುತ್ತಿದ್ದರು. ಏನು ಮಾತಾಡೋದು ತಿಳಿಯದೆ ನಾನು ವಿಮೆ ಬಂತಾ ಅಂತ ಕೇಳಿದೆ. 'ಕಂತು ಕಟ್ಟಿದ್ದೆ ಮಾರಾಯ್ರೆ. ಮೂವತ್ತು ದಿನ ಅಂತ ನಂಗೆ ಗೊತ್ತಾದದ್ದು ನಲವತ್ತೊಂದನೇ ದಿನಕ್ಕೆ' ಅಂದರು. ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಸ್ವಲ್ಪ ಹಗುರ ಆಗುತ್ತಿತ್ತೇನೋ.

ಆಮೇಲೆ ಅವರೇ ಆ ದಿನದ ಮಾತು ತೆಗೆದರು. ಲಿಫ್ಟ್ ತನಕ ಬಂದದ್ದು ನಮ್ಮ ಆಫೀಸ್ ಬಾಯ್ ಒಬ್ಬನೇ ಅಂತೆ. ಡಬ್ಬಿ ತಾನೇ ಹೊತ್ತುಕೊಂಡು ಕೆಳಗಿಳಿದು ಟ್ಯಾಕ್ಸಿ ನಿಲ್ಲಿಸಿದನಂತೆ. ನಮ್ಮೆಲ್ಲರಿಗಿಂತ ಕಡಿಮೆ ಸಂಬಳದವನು, ಒಂದು ಮಾತಿಗೆ ಕೆಲಸ ಕಳೆದುಕೊಳ್ಳಬಹುದಾದವನು. ಸೆಕ್ಯೂರಿಟಿಯವನು ಏನೋ ಅಂದದ್ದಕ್ಕೆ, ಸಾರ್‌ಗೆ ಹನ್ನೊಂದು ವರ್ಷ ಚಹಾ ಕೊಟ್ಟಿದ್ದೀನಿ, ಕೆಳಗೆ ಬಿಟ್ಟು ಬರ್ತೀನಿ ಅಂತ ಹಿಂದಿಯಲ್ಲಿ ಹೇಳಿದನಂತೆ.

ಅಂಗಡಿಯ ಬಾಗಿಲಲ್ಲಿ ಅವರು 'ಬರ್ತೇನೆ ಆಯ್ತಾ' ಅಂದರು. ಆ ಶುಕ್ರವಾರ ಅವರ ವಿಮಾನ. 'ಹೋಗಿ ಬನ್ನಿ' ಅಂದೆ.