‘ಹೆದರೆನು’ ಎಂಬ ಕನ್ನಡ

ಕನ್ನಡದಲ್ಲಿ ಕ್ರಿಸ್ತ ಎಂದ ಕೂಡಲೇ ನಮ್ಮ ವಿಮರ್ಶಕರು ಒಂದೇ ಕಪಾಟಿನ ಬಾಗಿಲು ತೆಗೆಯುತ್ತಾರೆ. ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ ಹೊರಬರುತ್ತದೆ. 1937ರ ಆ ಕಾವ್ಯಕ್ಕೆ ಸಲ್ಲಬೇಕಾದ ನಾಲ್ಕು ಮಾತು ಸಲ್ಲುತ್ತವೆ, ಬಾಗಿಲು ಮುಚ್ಚುತ್ತದೆ. ಪೈಗಳ ಪಾಂಡಿತ್ಯದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಸಾವಿನ ಮನೆಯಲ್ಲಿ ಯಾರಾದರೂ ‘ಗೊಲ್ಗೊಥಾ’ ಓದಿದ್ದನ್ನು ನಾನು ಕಂಡಿಲ್ಲ. ಅಲ್ಲಿ ಓದುವುದು ‘ಸತ್ಯವೇದ’ದ 23ನೆಯ ಕೀರ್ತನೆ. ಆರೇ ಆರು ವಚನ. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಕೈಹಾಕಿದ ಅನುವಾದದ ಕೆಲಸ 1831ರಲ್ಲಿ ಪೂರ್ತಿ ಬೈಬಲ್ ಆಗಿ ಮುಗಿದ ಮೇಲೆ, ಹಲವರ ಕೈಯಲ್ಲಿ ತಿದ್ದಿಸಿಕೊಳ್ಳುತ್ತ ಬಂದ ಪಠ್ಯ ಅದು. ಕನ್ನಡದಲ್ಲಿ ಇಷ್ಟು ಜನರ ಅಳುವಿನ ನಡುವೆ ಓದಿಸಿಕೊಂಡ ಗದ್ಯ ಹೆಚ್ಚಿಲ್ಲ. ಸಾಹಿತ್ಯವೆಂದು ಮಾತ್ರ ಅದನ್ನು ನಾವು ಓದಿದ್ದು ಕಡಿಮೆ.

ಓದಿದವರೂ ತಪ್ಪು ಕಡೆ ಓದಿದರು ಎಂಬುದು ನನ್ನ ದೂರು. ಪಾವಗಡದ ಕಡೆ ಹೋದರೆ ಈ ಕೀರ್ತನೆ ಕ್ಯಾಲೆಂಡರಿನಲ್ಲಿ ಸಿಗುತ್ತದೆ, ಆಟೋದ ಗಾಜಿನ ಮೇಲೆ ಸಿಗುತ್ತದೆ, ಹೊಸ ವರ್ಷದ ರಾತ್ರಿಯ ಆರಾಧನೆಯಲ್ಲಿ ಕೈಗೆ ಬರುವ ವಾಗ್ದಾನದ ಕಾರ್ಡಿನಲ್ಲಿ ಸಿಗುತ್ತದೆ. ಎಲ್ಲೆಡೆಯೂ ಮೊದಲ ವಚನ ಮಾತ್ರ. ದೇವರು ‘ಕುರುಬನು’, ನಾನು ‘ಕೊರತೆಪಡೆನು’; ದೇವರು ಕಾಯುತ್ತಾನೆ, ನನಗೇನೂ ಕಡಿಮೆಯಾಗದು ಎಂಬ ಭಾಗ. ಬೋಧಕರೂ ಅಲ್ಲೇ ನಿಂತು ಅದನ್ನು ಹಿಗ್ಗಿಸುತ್ತಾರೆ: ಸಾಲ ತೀರುತ್ತದೆ, ಬೋರಿಗೆ ನೀರು ಬರುತ್ತದೆ, ಮಗನಿಗೆ ಕೆಲಸವಾಗುತ್ತದೆ. ಮಳೆ ಕೈಕೊಡುವುದೇ ವಾಡಿಕೆಯಾದ, ಆಳದಿಂದ ಎತ್ತಿದ ನೀರಿನ ಫ್ಲೋರೈಡು ಮೂಳೆಯನ್ನೇ ಬಗ್ಗಿಸಿದ ತಾಲ್ಲೂಕಿನಲ್ಲಿ ಇದು ಸಾಂತ್ವನವೋ ಅಣಕವೋ? ಧಾತು ಈಶ್ವರ ಸಂವತ್ಸರಗಳ ಬರ ಮುಗಿದಾಗ, 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನ 1881ರ ಗಣತಿಗೆ 42 ಲಕ್ಷಕ್ಕೆ ಇಳಿದಿದ್ದರು. ಗುಬ್ಬಿ, ತುಮಕೂರಿನಲ್ಲಿ ಆ ಹೊತ್ತಿಗಾಗಲೇ ನೆಲೆಯೂರಿದ್ದ ವೆಸ್ಲಿಯನ್ ಮಿಷನ್ ಅಪ್ಪ ಅಮ್ಮ ಸತ್ತ ಮಕ್ಕಳಿಗಾಗಿ ಸಂಸ್ಥಾನದಲ್ಲಿ ಅನಾಥಾಲಯ ತೆರೆಯಿತು. ಆ ಮಕ್ಕಳ ಕಿವಿಗೆ ‘ಕೊರತೆ’ ಎಂಬ ಪದ ಬಿದ್ದಾಗ ಅದು ಕ್ಯಾಲೆಂಡರಿನ ಮಾತಾಗಿರಲು ಸಾಧ್ಯವೇ ಇರಲಿಲ್ಲ.

ಹಾಗಾದರೆ ಏನಾಗಿತ್ತು? ಉತ್ತರ ದೇವತಾಶಾಸ್ತ್ರದಲ್ಲಿಲ್ಲ, ಕ್ರಿಯಾಪದದಲ್ಲಿದೆ.

ಮೊದಲ ವಚನದ ಕೊನೆಯಲ್ಲಿ ‘ಪಡೆನು’ ಎಂದಿದೆ. ನಾಲ್ಕನೆಯದರಲ್ಲಿ ‘ಹೆದರೆನು’. ಎರಡೂ ಹಳೆಯ ನಿಷೇಧರೂಪಗಳು. ‘ಹೆದರಲಿಲ್ಲ’ ಎಂದರೆ ನಿನ್ನೆಯ ಸಂಗತಿ, ‘ಹೆದರುವುದಿಲ್ಲ’ ಎಂದರೆ ನಾಳೆಗೆ ಕೊಟ್ಟ ಮಾತು. ‘ಹೆದರೆನು’ ಎಂಬುದಕ್ಕೆ ಕಾಲವೇ ಇಲ್ಲ. ವ್ಯಾಕರಣ ಬಲ್ಲವರಿಗೆ ಇದು ಹೊಸದಲ್ಲ: ಕನ್ನಡದ ನಿಷೇಧ ಕ್ರಿಯಾಪದ ಭೂತ, ಭವಿಷ್ಯತ್ ಎಂದು ಒಡೆಯುವುದಿಲ್ಲ, ಧಾತುವಿಗೆ ನೇರವಾಗಿ ‘ನಾನು’ ಅಂಟಿಕೊಳ್ಳುತ್ತದೆ, ನಡುವೆ ಕಾಲಸೂಚಕ ಪ್ರತ್ಯಯಕ್ಕೆ ಜಾಗವಿಲ್ಲ. ಹೆದರಿಕೆಗೂ ನನಗೂ ಮಧ್ಯೆ ಕ್ಯಾಲೆಂಡರು ನುಗ್ಗಲು ಸಂದಿಯೇ ಇಲ್ಲ ಎಂದಂತೆ. ಹೀಗಾಗಿ ‘ಪಡೆನು’ ಎನ್ನುವ ಬಾಯಿ ಮುಂದೊಂದು ದಿನ ಕಷ್ಟ ಕಳೆಯುತ್ತದೆಂದು ಭರವಸೆ ಕೊಡುತ್ತಿಲ್ಲ. ಹಿಂದೆ ಎಲ್ಲವೂ ಇತ್ತೆಂದೂ ಹೇಳುತ್ತಿಲ್ಲ. ಬರದ ನಡುವೆ ನಿಂತು, ಬರಕ್ಕೆ ನನ್ನ ಮೇಲೆ ಕಡೆಯ ಮಾತಾಡುವ ಹಕ್ಕಿಲ್ಲ ಎನ್ನುತ್ತಿದೆ. ವಾಗ್ದಾನದ ಕಾರ್ಡು ಈ ಕಾಲವಿಲ್ಲದ ಕ್ರಿಯಾಪದವನ್ನು ಜನವರಿಯಿಂದ ಡಿಸೆಂಬರಿಗೆ ಕಟ್ಟಿಹಾಕುತ್ತದೆ. ಡಿಸೆಂಬರಿನಲ್ಲಿ ಲೆಕ್ಕ ತಾಳೆಯಾಗದಿದ್ದರೆ ದೇವರನ್ನು ಬೈಯಬೇಕೋ ತನ್ನ ಭಕ್ತಿಯನ್ನು ಬೈದುಕೊಳ್ಳಬೇಕೋ ತಿಳಿಯದೆ ಮನುಷ್ಯ ಒದ್ದಾಡುತ್ತಾನೆ.

ಪಾವಗಡ ಪೇಟೆಯಲ್ಲೇ ಈ ಕಾಲವಿಲ್ಲದ ಕ್ರಿಯಾಪದಕ್ಕೊಂದು ಎದುರುಸಾಕ್ಷಿ ಇದೆ. ಅಲ್ಲಿನ ಶನಿಮಹಾತ್ಮನ ಗುಡಿಗೆ ಶನಿವಾರ ಬರುವ ಜನರಿಗೆ ಕಷ್ಟದ ಕಾರಣವೂ ಗೊತ್ತು, ಅವಧಿಯೂ ಗೊತ್ತು: ಏಳೂವರೆ ವರ್ಷ. ಎಳ್ಳೆಣ್ಣೆಯ ದೀಪ ಹಚ್ಚಿ ದಿನ ಎಣಿಸಬಹುದು. ಅದೂ ಒಂದು ದೊಡ್ಡ ಸಮಾಧಾನವೇ. 23ನೆಯ ಕೀರ್ತನೆ ಕಾರಣವನ್ನೂ ಹೇಳುವುದಿಲ್ಲ, ಅವಧಿಯನ್ನೂ ಕೊಡುವುದಿಲ್ಲ. ಯೋಬನ ಗ್ರಂಥದಲ್ಲಿ ಕಾರಣ ಹೇಳಲು ಹೋದ ಸ್ನೇಹಿತರು ದೇವರಿಂದಲೇ ಬೈಸಿಕೊಂಡದ್ದು ಓದುಗರಿಗೆ ನೆನಪಿರಬಹುದು. ಏಳು ಹಗಲು ಏಳು ರಾತ್ರಿ ಅವನೊಡನೆ ನೆಲದ ಮೇಲೆ ಸುಮ್ಮನೆ ಕೂತಿದ್ದಷ್ಟು ಹೊತ್ತು ಅವರು ಸರಿಯಾಗಿಯೇ ಇದ್ದರು. ಬಾಯಿ ತೆರೆದ ಮೇಲೆ ಕೆಟ್ಟರು.

ಎರಡನೆಯ ಸೂಕ್ಷ್ಮ ಸರ್ವನಾಮದ್ದು. ದೇವರ ಹೆಸರು ಇಲ್ಲಿ ಎರಡೇ ಸಲ ಬರುತ್ತದೆ, ಮೊದಲ ವಚನದಲ್ಲಿ ಮತ್ತು ಕೊನೆಯದರಲ್ಲಿ. ಹಸುರು, ನೀರು, ನೀತಿಯ ದಾರಿಯ ಮಾತು ಇರುವವರೆಗೂ ಅವನು ‘ಆತನು’. ಗೌರವವಿದೆ, ಒಂದು ಮಾರು ದೂರವೂ ಇದೆ. ನಾಲ್ಕನೆಯ ವಚನದ ಕತ್ತಲ ಕಣಿವೆಗೆ ಕಾಲಿಟ್ಟೊಡನೆ ‘ನೀನು’. ಮೂಲದಲ್ಲೂ ಈ ಹೊರಳು ಇದೆ ನಿಜ. ಆದರೆ ‘ಆತನು’ ಎಂಬಂಥ ಮೆಟ್ಟಿಲಿರುವ ಭಾಷೆಯಲ್ಲಿ ಅದು ಕೇಳಿಸುವ ಬಗೆಯೇ ಬೇರೆ. ನಮ್ಮ ಸೀಮೆಯ ಹೆಂಗಸರು ಹೆಣದ ಪಕ್ಕ ಹಾಡಿಕೊಂಡು ಅಳುವುದನ್ನು ಕೇಳಿದವರು ಇದನ್ನು ತಕ್ಷಣ ಗುರುತಿಸುತ್ತಾರೆ. ಬದುಕಿದ್ದಾಗ ಗಂಡನ ಹೆಸರನ್ನೂ ಎತ್ತದೆ ‘ನಮ್ಮೋರು’ ಎನ್ನುತ್ತಿದ್ದವಳು ಅಂದು ‘ನನ್ನ ಬಿಟ್ಟು ಹೋದ್ಯಲ್ಲೋ’ ಎನ್ನುತ್ತಾಳೆ. ದುಃಖ ಬಹುವಚನವನ್ನು ಕಿತ್ತು ಹಾಕುತ್ತದೆ. ಬೆಳಕಿನಲ್ಲಿ ದೇವರ ಬಗ್ಗೆ ಮಾತಾಡುತ್ತಿದ್ದವನು ಕತ್ತಲಲ್ಲಿ ದೇವರೊಂದಿಗೆ ಮಾತಾಡುತ್ತಾನೆ. ಕತ್ತಲು ತೊಲಗಿತೆಂದು ಕೀರ್ತನೆ ಎಲ್ಲೂ ಹೇಳುವುದಿಲ್ಲ. ಹತ್ತಿರವಾದದ್ದು ಸರ್ವನಾಮವಷ್ಟೇ, ಸಾಂತ್ವನವೂ ಅಷ್ಟೇ.

‘ಕತ್ತಲು’ ಎಂದೆ. ಹಳೆಯ ಪಾಠದ ಪದ ‘ಕಾರ್ಗತ್ತಲು’. ಇನ್ನೊಂದು ಪಾಠ ಅಲ್ಲಿ ಮರಣದ ನೆರಳನ್ನು ತರುತ್ತದೆ. ಮೂಲಕ್ಕೆ ಯಾವುದು ಹತ್ತಿರ ಎಂದು ಹೀಬ್ರೂ ಬಲ್ಲವರು ಜಗಳವಾಡಲಿ. ಕನ್ನಡಕ್ಕೆ, ಅದರಲ್ಲೂ ಬಯಲುಸೀಮೆಯ ಕನ್ನಡಕ್ಕೆ, ನೆರಳು ಹೆದರಿಸುವ ಪದವಲ್ಲ. ಏಪ್ರಿಲ್ ಬಿಸಿಲಲ್ಲಿ ಪಾವಗಡದಿಂದ ತಿರುಮಣಿಗೆ ನಡೆದವನಿಗೆ ಹುಣಸೆಮರದ ನೆರಳೇ ದೇವರು. ‘ನಿಮ್ಮ ನೆರಳಲ್ಲಿ ಬದುಕಿದ್ದೀವಿ’ ಎಂಬುದು ಕೃತಜ್ಞತೆಯ ಮಾತು. ಕೀರ್ತನೆಗಳಲ್ಲೇ ಬೇರೆಡೆ ದೇವರು ಆಶ್ರಯ ಕೊಡುವುದು ನೆರಳಾಗಿ. ‘ಕಾರ್ಗತ್ತಲು’ ಆರಿಸಿದ ಕೈಗೆ ಈ ನೆಲದ ಬಿಸಿಲು ಗೊತ್ತಿತ್ತೋ ಇಲ್ಲವೋ, ಆಯ್ಕೆಯಂತೂ ಸರಿಯಾಗಿತ್ತು.

ಇನ್ನು ಜಗಳಕ್ಕೆ ಬರುತ್ತೇನೆ. ಇದೆಲ್ಲ ಪಾದ್ರಿಗನ್ನಡ, ಪುಸ್ತಕದಿಂದ ಕಲಿತವರ ಒರಟು ಕನ್ನಡ ಎಂದು ಮೂಗು ಮುರಿಯುವ ಒಂದು ಪಂಗಡವಿದೆ. ಅದೇ ಪಂಗಡ ಕಿಟ್ಟೆಲ್‌ರ 1894ರ ನಿಘಂಟನ್ನು ತಲೆಯ ಮೇಲೆ ಹೊತ್ತು ಮೆರೆಯುತ್ತದೆ. ಪದಗಳನ್ನು ಪಟ್ಟಿ ಮಾಡಿದ ಮಿಷನರಿ ಋಷಿ, ಅದೇ ಪದಗಳಿಂದ ವಾಕ್ಯ ಕಟ್ಟಿದ ಮಿಷನರಿ ಅನ್ಯ! ಈ ವಾಕ್ಯಗಳ ಹಿಂದೆ ದೊರೆಗಳು ಮಾತ್ರ ಇರಲಿಲ್ಲ, ಪಕ್ಕದಲ್ಲಿ ಕೂತು ಕನ್ನಡ ಹೇಳಿಕೊಟ್ಟ ಮುನ್ಷಿಗಳೂ ಇದ್ದರು ಎಂಬುದನ್ನು ಇವರು ಮರೆಯುತ್ತಾರೆ. ‘ಹೆದರೆನು’ ಬಾಸೆಲ್‌ನಿಂದಲೋ ಲಂಡನ್ನಿನಿಂದಲೋ ಹಡಗಿನಲ್ಲಿ ಬಂದದ್ದಲ್ಲ.

ಇನ್ನೊಂದು ಪಂಗಡ ಒಳಗಿನದು, ಸುಧಾರಕರದು. ‘ಕುರುಬನು’ ಜಾತಿಯ ಹೆಸರಾಯಿತು, ಬೇಡ ಎನ್ನುತ್ತಾರೆ. ಈಚಿನ ಒಂದು ಭಾಷಾಂತರದಲ್ಲಿ ‘ಕುರಿಗಾಹಿ’ ಬಂದಿದೆ. ಪಾವಗಡದಲ್ಲಿ ತೆಲುಗು ಮನೆಮಾತಾದವರು ಇದೇ ಕೀರ್ತನೆಯನ್ನು ತೆಲುಗಿನಲ್ಲಿ ಓದುವಾಗ ಬಾಯಿಗೆ ಬರುವುದು ‘ಕಾಪರಿ’. ಅದು ಕಾಯುವವನು, ಜಾತಿಯ ಗೊಡವೆಯಿಲ್ಲ. ಹಾಗಾಗಿ ‘ಕುರಿಗಾಹಿ’ ತಪ್ಪೆನ್ನಲಾರೆ. ಆದರೆ ಅದು ನಯಮಾಡಿದ ಪದ, ಶಾಲೆಯ ಪಠ್ಯದ ಪದ. ‘ಕುರುಬ’ ಎಂದೊಡನೆ ಕಂಬಳಿ ಬರುತ್ತದೆ, ಅದರ ವಾಸನೆ ಬರುತ್ತದೆ, ಮಂದೆ ತಂಗಿದ ಹೊಲದಲ್ಲಿ ರಾತ್ರಿಯಿಡೀ ನಿದ್ದೆಗೆಟ್ಟು ಕೂತ ಮನುಷ್ಯ ಬರುತ್ತಾನೆ. ಬೀರಪ್ಪನನ್ನು ಬಲ್ಲ, ಶಿರಾ ಸೀಮೆಯ ಕಾಡುಗೊಲ್ಲರ ಜುಂಜಪ್ಪನನ್ನು ಬಲ್ಲ ನಾಡಿಗೆ ದನ ಕುರಿ ಕಾಯುವವನು ದೇವರಾಗುವುದು ವಿಚಿತ್ರವೂ ಅಲ್ಲ. ಜಾತಿಯ ಹೆಸರೆಂದು ಹಿಂಜರಿಯುವವರು ಯೋಚಿಸಲಿ: ದೇವರಿಗೆ ಒಬ್ಬ ದುಡಿಯುವವನ ಹೆಸರಿಟ್ಟರೆ ಮುಜುಗರ ಯಾರಿಗೆ?

ದೋಷಗಳನ್ನೂ ಹೇಳಿಬಿಡುತ್ತೇನೆ. ಎರಡನೆಯ ವಚನದಲ್ಲಿ ‘ನೀರು’ ಬಹುವಚನವಾಗಿದೆ. ಹೀಬ್ರೂವಿನಲ್ಲಿ ನೀರು ಬಹುವಚನ ಎಂಬುದು ಸಮಜಾಯಿಷಿಯೇ ಹೊರತು ಕನ್ನಡವಲ್ಲ. ಒಂದು ನೀರಿಗೇ ಟ್ಯಾಂಕರು ಕಾಯುವ ಊರಿನಲ್ಲಿ ‘ನೀರುಗಳು’ ಕೇಳಿದರೆ ನಗು ಬರುತ್ತದೆ. ಅದೇ ವಚನದ ‘ಗಾವಲು’ ಮಾತ್ರ ಚಿನ್ನ. ಹುಲ್ಲುಗಾವಲಿನ ಒಳಗೆ ಕಾವಲು ಇದೆ. ಮೇವಿನ ಹೆಸರಿನಲ್ಲೇ ಕಾಯುವಿಕೆ ಇದೆ. ಮಧುಗಿರಿಯ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿಗಾಗಿ ಉಳಿದ ಬಯಲನ್ನು ಕಂಡವರಿಗೆ ಗೊತ್ತು, ನಮ್ಮ ಗಾವಲು ಹಸುರಾಗಿರುವುದು ಕೆಲವೇ ತಿಂಗಳು. ಪಾವಗಡದಲ್ಲಿ ತಿರುಮಣಿಯ ಸುತ್ತಿನ ಸುಮಾರು 13,000 ಎಕರೆ ಈಗ 2,050 ಮೆಗಾವ್ಯಾಟಿನ ಸೌರ ಪಾರ್ಕು. ಗುತ್ತಿಗೆಯ ಹಣ ಬಂದದ್ದು ಜಮೀನಿದ್ದವರಿಗೆ. ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬಂದದ್ದು ಬೇಲಿ. ಕೀರ್ತನೆಯ ಕುರುಬನಿಗೆ ಇಲ್ಲಿ ಮಂದೆ ನಡೆಸಲು ದಾರಿ ಸಿಕ್ಕೀತೇ ಎಂದು ಯಾವ ಬೋಧಕನೂ ಕೇಳಿದ್ದನ್ನು ನಾನು ಕೇಳಿಲ್ಲ.

ಐದನೆಯ ವಚನಕ್ಕೆ ಮಂದೆ ಮಾಯವಾಗಿ ಊಟದ ಮನೆ ಬರುತ್ತದೆ. ವೈರಿಗಳು ನೋಡುತ್ತಿರುವಾಗಲೇ ಎಲೆ ಹಾಕಿ ಬಡಿಸುವ ಚಿತ್ರ. ರೂಪಕ ಮುರಿಯಿತು ಎಂಬ ಆಕ್ಷೇಪ ಕೇಳಿದ್ದೇನೆ. ಮುರಿಯಲಿ. ಪಂಕ್ತಿಯ ಆಚೆ ನಿಲ್ಲಿಸಿಕೊಂಡವರ ಮಕ್ಕಳು, ಬೊಗಸೆಗೆ ಮೇಲಿಂದ ನೀರು ಹೊಯ್ಯಿಸಿಕೊಂಡವರ ಮೊಮ್ಮಕ್ಕಳು ಈ ವಚನವನ್ನು ಓದುವಾಗ ರೂಪಕದ ಏಕತೆ ಯಾರಿಗೆ ಬೇಕು? ವೈರಿಗಳನ್ನು ಇಲ್ಲಿ ಯಾರೂ ಹೊಡೆಯುವುದಿಲ್ಲ, ಓಡಿಸುವುದಿಲ್ಲ. ಅವರು ನೋಡಬೇಕು, ಅಷ್ಟೇ.

ಕೆಲವು ವರ್ಷಗಳ ಹಿಂದೆ ಪಾವಗಡದ ಕಡೆಯ ಒಂದು ಹಳ್ಳಿಯಲ್ಲಿ ಎಳೆಯ ಹುಡುಗನೊಬ್ಬನ ಮಣ್ಣಿಗೆ ಹೋಗಿದ್ದೆ. ಓದುತ್ತಿದ್ದ ಸಭೆಯ ಹಿರಿಯರು ಮೊದಲ ಮೂರು ವಚನವನ್ನು ಕಂಠಪಾಠದ ವೇಗದಲ್ಲಿ ದಾಟಿಸಿದರು. ನಾಲ್ಕನೆಯದಕ್ಕೆ ಬಂದಾಗ ದನಿ ಇಳಿಯಿತು. ‘ನೀನು’ ಎಂದವರು ಪುಸ್ತಕದಿಂದ ತಲೆ ಎತ್ತಿದರು. ದೊಣ್ಣೆ, ಕೋಲು ಎಂಬ ಪದಗಳು ಬಂದಾಗ ಹುಡುಗನ ಅಜ್ಜ, ಕುರಿ ಕಾಯ್ದೇ ಮುದುಕನಾದವನು, ತನ್ನ ಕೈಯ ಕೋಲನ್ನು ನೆಲಕ್ಕೆ ಒತ್ತಿ ಹಿಡಿದು ನಿಂತಿದ್ದ. ‘ಹೆದರೆನು’ ಎಂಬುದಕ್ಕೆ ನನಗೆ ಗೊತ್ತಿರುವ ವ್ಯಾಖ್ಯಾನ ಆ ಹಿಡಿತವೇ. ಅವನು ಹೆದರಿರಲಿಲ್ಲ ಎಂದು ನಾನು ಹೇಳಲಾರೆ, ಕೈ ನಡುಗುತ್ತಿತ್ತು.